ಭಾರ ಬಿಟ್ಟು ನಿಂತ್ಕೊಳ್ಳಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಆಸ್ಪತ್ರೆಯಲ್ಲಿ ಎಲ್ಲರೂ ಹೇಳುತ್ತಾರೆ. ಇರುತ್ತದೆ, ಏನೀಗ? ಮಂಡ್ಯದ ಈ ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ನಿಂತು ನೋಡಿ, ನಿಮಗೂ ಬರುತ್ತದೆ. ಮಂಡಿ ಬದಲಾಯಿಸಿಕೊಂಡ ಒಬ್ಬ ಅಜ್ಜಿಯ ಹಿಂದೆ ಆರು ಜನ ಒಳಗೆ ನುಗ್ಗುತ್ತಾರೆ. ಮಗ ಸೊಂಟ ಹಿಡಿಯುತ್ತಾನೆ, ಮಗಳು ತೋಳು ಹಿಡಿಯುತ್ತಾಳೆ, ಸೊಸೆ ಸುಮ್ಮನಿರಬಾರದಲ್ಲ ಎಂದು ಅತ್ತೆಯ ಸೆರಗು ಹಿಡಿದುಕೊಂಡು ನಿಂತಿರುತ್ತಾಳೆ. “ಇವರನ್ನೇನು ತೂಗು ಹಾಕಿ ಫೋಟೋ ತೆಗೀಬೇಕಾ? ನಡೀರಿ ಎಲ್ಲ ಆಚೆಗೆ!” ಎಂದು ನಾನು ಕೂಗುವುದು ಚೀಟಿ ಮಾಡಿಸುವ ಕಿಟಕಿಯವರೆಗೂ ಕೇಳುತ್ತದಂತೆ. ಕೇಳಲಿ.

ಸುಮ್ಮಸುಮ್ಮನೆ ಕೂಗುವವಳಲ್ಲ ನಾನು. ಮಂಡಿ ಬದಲಾಯಿಸಿದ ಮೇಲೆ ಕಾಲು ನೆಟ್ಟಗೆ ಕೂತಿದೆಯೋ ಇಲ್ಲವೋ ನೋಡಲು ಸೊಂಟದಿಂದ ಪಾದದವರೆಗೆ ಉದ್ದಕ್ಕೂ ಒಂದು ಚಿತ್ರ ಬೇಕು. ಮೇಲೆ, ನಡುವೆ, ಕೆಳಗೆ ಎಂದು ಮೂರು ಸಲ ತೆಗೆದು ಕಂಪ್ಯೂಟರಿನಲ್ಲಿ ಜೋಡಿಸುತ್ತೇವೆ. ಡಾಕ್ಟರು ಅದರ ಮೇಲೆ ತೊಡೆಮೂಳೆಯ ತಲೆಯ ನಡುವಿನಿಂದ ಪಾದದ ಗಂಟಿನ ನಡುವಿಗೆ ಒಂದು ಗೆರೆ ಎಳೆಯುತ್ತಾರೆ. ಆ ಗೆರೆ ಮಂಡಿಯ ಮಧ್ಯದಲ್ಲಿ ಹಾದುಹೋಗಬೇಕು. ಎರಡು ಮೂರು ಡಿಗ್ರಿ ಆಚೀಚೆಯಾದರೆ ಪರವಾಗಿಲ್ಲ. ಹೆಚ್ಚಾದರೆ ಮೈಭಾರವೆಲ್ಲ ಒಂದೇ ಪಕ್ಕಕ್ಕೆ ಬಿದ್ದು, ಹಾಕಿದ ಮಂಡಿ ಅಲುಗಾಡಿ, ಕೆಳಗಿನ ಮೂಳೆ ಕುಸಿಯುತ್ತದೆ. ಇದೆಲ್ಲ ಇದ್ದದ್ದು ಇದ್ದಂತೆ ಕಾಣಬೇಕಾದರೆ ಮನುಷ್ಯ ತನ್ನ ಕಾಲ ಮೇಲೆ ತಾನೇ ಪೂರಾ ಭಾರ ಬಿಟ್ಟು ನಿಂತಿರಬೇಕು. ಯಾರಾದರೂ ಕಂಕುಳಿಗೆ ಕೈ ಕೊಟ್ಟು ಎತ್ತಿಹಿಡಿದರೋ, ಸೊಟ್ಟ ಕಾಲೂ ನೆಟ್ಟಗೆ ಕಾಣುತ್ತದೆ. ಚಿತ್ರವೇನೋ ಚೆಂದ ಬರುತ್ತದೆ, ಆದರೆ ಅದು ಸುಳ್ಳು. ಅದಕ್ಕೇ ನಾನು ಯಾರನ್ನೂ ಮುಟ್ಟಲು ಬಿಡುವುದಿಲ್ಲ.

ಇಷ್ಟು ವರ್ಷದಲ್ಲಿ ಈ ನಿಯಮವನ್ನು ನಾನು ಮುರಿದದ್ದು ಒಂದೇ ಒಂದು ಸಲ. ಮುರಿದದ್ದು ನನ್ನ ಅಕ್ಕನಿಗಾಗಿ.

ಅಕ್ಕನ ಹೆಸರು ಹೊಂಬಾಳಮ್ಮ. ಮಳವಳ್ಳಿ ಹತ್ತಿರದ ನಮ್ಮೂರಿನಲ್ಲಿ ಅವ್ವ ತೀರಿಕೊಂಡಾಗ ನನಗೆ ನಾಲ್ಕು ವರ್ಷ, ಅವಳಿಗೆ ಹದಿನೇಳು. ಮರುವರ್ಷ ಚಿಕ್ಕರಸಿನಕೆರೆ ಕಡೆಯಿಂದ ಹೊನ್ನಯ್ಯ ಎಂಬ ಗಂಡು ನೋಡಲು ಬಂದಾಗ, ಬಾಯಿ ಬಿಡಬಾರದ ಹೆಣ್ಣು ಬಾಯಿ ಬಿಟ್ಟು, “ನನ್ ತಂಗಿನೂ ನನ್ ಜೊತ್ಗೆ ಬತ್ತಾಳೆ. ಒಪ್ಪಿದ್ರೆ ಎಲೆ ಅಡಿಕೆ ಈಸ್ಕಳಿ, ಇಲ್ದಿದ್ರೆ ಬುಡಿ” ಎಂದಳಂತೆ. ಹೊನ್ನಯ್ಯ ಬಾವ ಒಪ್ಪಿದರು. ಹಾಗೆ ನಾನು ಅಕ್ಕನ ಸೊಂಟದ ಮೇಲೆ ಕೂತು ಅವಳ ಗಂಡನ ಮನೆ ಹೊಸಿಲು ದಾಟಿದವಳು. ಮದುವೆ ಹೆಣ್ಣಿನ ಸೊಂಟದಲ್ಲಿ ಮಗು ಎಂದು ಊರೆಲ್ಲ ನಕ್ಕಿತಂತೆ, ಅವಳು ಕ್ಯಾರೇ ಅನ್ನಲಿಲ್ಲ.

ಆ ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಿದ್ದರು. ಹುಳ ಸಾಕುವುದು ಹೆಂಗಸರ ಮಂಡಿ ತಿನ್ನುವ ಕೆಲಸ. ಸೊಪ್ಪಿನ ಹೊರೆ ಹೊತ್ತು ಬದುವಿನ ಮೇಲೆ ನಡೆಯಬೇಕು, ಕುಕ್ಕರುಗಾಲಲ್ಲಿ ಕೂತು ಕಸ ತೆಗೆಯಬೇಕು, ಹುಳ ಹಣ್ಣಾದ ದಿನವಂತೂ ಬೆಳಗಿನಿಂದ ಸಂಜೆವರೆಗೆ ಕೂತಲ್ಲೇ ಕೂತು ಒಂದೊಂದನ್ನೇ ಆರಿಸಿ ಗೂಡು ಕಟ್ಟುವ ತಟ್ಟೆಗೆ ಬಿಡಬೇಕು. ಅಕ್ಕ ನಲವತ್ತು ವರ್ಷ ಅದನ್ನು ಮಾಡಿದಳು. ಅದರಲ್ಲೇ ನನ್ನನ್ನು ಮದ್ದೂರಿನ ಕಾಲೇಜಿಗೆ ಕಳಿಸಿದಳು, ಮೈಸೂರಿನಲ್ಲಿ ಎಕ್ಸ್‌ರೇ ಕೋರ್ಸು ಓದಿಸಿದಳು, ಮಂಡ್ಯದಲ್ಲಿ ಮದುವೆ ಮಾಡಿಕೊಟ್ಟಳು. ನಲವತ್ತು ವರ್ಷ ಮುಗಿಯುವ ಹೊತ್ತಿಗೆ ಅವಳ ಕಾಲುಗಳು ಬಿಲ್ಲಿನಂತೆ ಹೊರಕ್ಕೆ ಬಾಗಿ, ಎರಡು ಮಂಡಿಗಳ ನಡುವೆ ಒಂದು ತಂಬಿಗೆ ತೂರಿಸುವಷ್ಟು ಸಂದಾಗಿತ್ತು. ಎಡಗಾಲಂತೂ ಊರುವುದಕ್ಕೇ ಆಗುತ್ತಿರಲಿಲ್ಲ.

ಆಪರೇಷನ್ನಿಗೆ ಹಠ ಹಿಡಿದವಳು ನಾನು. ಅವಳು ಬೇಡವೆಂದಳು. “ಇರೋ ಕಾಲ್ನಲ್ಲೇ ಕುಂಟ್ಕಂಡ್ ಹೋಯ್ತೀನಿ ಬುಡಮ್ಮಿ, ಕಬ್ಬಿಣದ ಮಂಡಿ ಇಕ್ಕುಸ್ಕಂಡು ಯಾರ್ನ ಗೆಲ್ಬೇಕು?” ಎಂದಳು. ನಾನು ಬಿಡಬೇಕಲ್ಲ. ಬೈದೆ, ಮಾತು ಬಿಟ್ಟೆ, ಅತ್ತೆ. ನಮ್ಮ ಜಯಪ್ರಕಾಶ್ ಡಾಕ್ಟರ ಕೈಗುಣ ಒಳ್ಳೆಯದು, ನಾನೇ ನೂರಾರು ಕಾಲು ನೋಡಿದ್ದೇನೆ ಎಂದೆ. ಕೊನೆಗೆ ಅವಳು, “ಮುಂಗಾರು ಬೆಳೆಗಾದ್ರೂ ಹುಳದ ಮನೆಗೆ ನಾನೇ ನಡ್ಕಂಡ್ ಹೋಗಂಗಿದ್ರೆ ಮಾಡ್ಸು” ಎಂದು ಒಪ್ಪಿದಳು. ಅವಳ ಆಸೆ ಅಷ್ಟೇ ಇತ್ತು. ಮನೆಯಿಂದ ಹುಳದ ಮನೆಗೆ ನೂರು ಹೆಜ್ಜೆಯೂ ಇಲ್ಲ.

ದೀಪಾವಳಿ ಕಳೆದ ಮೇಲೆ ಎಡಮಂಡಿಗೆ ಆಪರೇಷನ್ ಆಯಿತು. ಸಂಕ್ರಾಂತಿ ಮುಗಿಸಿಕೊಂಡು ಚಿತ್ರ ತೆಗೆಸಲು ಬಾವ ಅವಳನ್ನು ಕರೆದುಕೊಂಡು ಬಂದರು. ಬಾಗಿಲಲ್ಲೇ ಅಕ್ಕ ಹೇಳಿದಳು, “ಕುಸ್ಮಿ, ಊರಿದ್ರೆ ಒಳಗೇನೋ ಕದಲ್ತದೆ ಕಣಮ್ಮಿ. ಕಾಲು ಒಳಕ್ಕೆ ಜಾರ್ದಂಗಾಯ್ತದೆ. ನೋವು ಜೀವ ಹೋಯ್ತದೆ.”

“ಹೊಸದು ಕಣಕ್ಕ, ಒಗ್ಗಬೇಕು” ಎಂದೆ. ಎಲ್ಲರಿಗೂ ಹೇಳುವ ಮಾತು.

ಬಾವನನ್ನು ಎಂದಿನಂತೆ ಗದರಿಸಿ ಹೊರಗೆ ಕಳಿಸಿದೆ. ಅಕ್ಕನನ್ನು ಹಲಗೆಗೆ ಬೆನ್ನು ಮಾಡಿ ನಿಲ್ಲಿಸಿ, ಮಂಡಿಚಿಪ್ಪು ನೇರ ಮುಂದಕ್ಕೆ ಬರುವಂತೆ ಪಾದ ತಿರುಗಿಸಿ, “ಭಾರ ಬಿಟ್ಟು ನಿಂತ್ಕೊ” ಎಂದು ಹೇಳಿ ಗಾಜಿನ ಹಿಂದಕ್ಕೆ ಬಂದೆ. ಗುಂಡಿಯ ಹತ್ತಿರ ನನ್ನ ಜೊತೆ ಕೆಲಸ ಮಾಡುವ ವೀಣ ಇದ್ದಳು. ಅಕ್ಕ ಎಡಗಾಲ ಮೇಲೆ ಭಾರ ಬಿಟ್ಟಳೋ ಇಲ್ಲವೋ, ಮುಖ ಹಿಂಡಿಹೋಯಿತು. ಹಣೆಯಿಂದ ಬೆವರು ಇಳಿಯಿತು. ಎರಡೂ ಕೈ ಮುಂದೆ ಚಾಚಿ, “ಬೀಳ್ತೀನಿ ಕಣಮ್ಮಿ! ಇಡ್ಕೊ ಬಾ, ಕುಸ್ಮಿ, ಇಡ್ಕೊ!” ಎಂದು ಕೂಗಿದಳು.

ಬೇರೆ ಯಾರಾದರೂ ಆಗಿದ್ದರೆ, “ಏನೂ ಬೀಳಲ್ಲ, ಕಂಬಿ ಮುಟ್ಕೊಂಡು ನಿಂತ್ಕೊಳ್ಳಮ್ಮ” ಎಂದು ಗದರಿಸುತ್ತಿದ್ದೆ. ನನ್ನ ಅಕ್ಕ ಎಂದೂ ಯಾರ ಮುಂದೆಯೂ ಕೈ ಚಾಚಿದವಳಲ್ಲ. ಸೀಸದ ಏಪ್ರನ್ ಸಿಕ್ಕಿಸಿಕೊಂಡು ಓಡಿಹೋಗಿ, ಪಕ್ಕದಲ್ಲಿ ನಿಂತು ಅವಳ ಎರಡೂ ಕಂಕುಳಿಗೆ ಕೈ ಕೊಟ್ಟು ಎತ್ತಿ ಹಿಡಿದೆ. ಅವಳು ಅಷ್ಟೂ ಭಾರವನ್ನು ನನ್ನ ಮೇಲೆ ಹಾಕಿ, ಹಾ ಎಂದು ಉಸಿರು ಬಿಟ್ಟಳು.

“ಕುಸುಮಕ್ಕಾ, ನೀವು ಹಿಡ್ಕೊಂಡಿದ್ದೀರಿ...” ಎಂದಳು ವೀಣ.

“ಕಾಣುತ್ತೆ ಕಣೆ, ಒತ್ತು ಬೇಗ!” ಎಂದೆ.

ನನ್ನ ಕೈ ಚಿತ್ರದಲ್ಲಿ ಬರಲಿಲ್ಲ. ಚಿತ್ರ ಸೊಂಟದಿಂದ ಕೆಳಗೆ ತಾನೆ. ಬಂದದ್ದು ಮಾತ್ರ ಎಂಥ ಕಾಲು ಅಂತೀರಿ! ಜಯಪ್ರಕಾಶ್ ಡಾಕ್ಟರು ಗೆರೆ ಎಳೆದರೆ ಅದು ಮಂಡಿಯ ನಟ್ಟನಡುವೆ ಹಾದುಹೋಯಿತು. ಒಂದೇ ಡಿಗ್ರಿ ವ್ಯತ್ಯಾಸ. “ಪಾಠ ಮಾಡೋಕೆ ಇಟ್ಕೊಬಹುದು ಕುಸುಮ ಇದನ್ನ” ಎಂದರು. ಅಕ್ಕ ನೋವು ಎಂದದ್ದನ್ನು ಹೇಳಿದೆ. “ಇನ್ನೂ ಊತ ಇದೆ, ಇಳಿದ ಮೇಲೆ ಸರಿಹೋಗುತ್ತೆ. ಮೂಳೆ ಸರಿಯಾಗಿ ಕೂತಿದೆಯಲ್ಲ” ಎಂದು ವರ್ಷ ಬಿಟ್ಟು ಬರಲು ಬರೆದರು. ನಾನು ಹಿಡಿದುಕೊಂಡಿದ್ದೆ ಎಂಬುದು ಆಗ ನಾಲಿಗೆ ತುದಿಗೆ ಬಂದಿತ್ತು, ಸುಳ್ಳು ಹೇಳುವುದಿಲ್ಲ. ಹೇಳಿದ್ದರೆ ಅವಳನ್ನು ಇನ್ನೊಂದು ಸಲ ನಿಲ್ಲಿಸಬೇಕಾಗುತ್ತಿತ್ತು. ಊರಿಗೆಲ್ಲ ನಿಯಮ ಹೇಳುವವಳು ನಾನೇ ಮುರಿದೆ ಎಂದು ಒಪ್ಪಿಕೊಳ್ಳಬೇಕಾಗುತ್ತಿತ್ತು. ಮಾತು ನುಂಗಿಕೊಂಡೆ. ಸಂಜೆ ಹೊತ್ತಿಗೆ ಮರೆತೂಬಿಟ್ಟೆ. ಒಂದು ಡಿಗ್ರಿ ಎಂಬುದಷ್ಟೇ ತಲೆಯಲ್ಲಿ ಉಳಿಯಿತು.

ಅಕ್ಕ ಫೋನು ಮಾಡುತ್ತಿದ್ದಳು. “ನೋಯ್ತದೆ ಕಣಮ್ಮಿ. ಮೂಳೆ ಒಳಗ್ಲಿಂದ ನೋಯ್ತದೆ.” ಮೊದಮೊದಲು ವ್ಯಾಯಾಮ ಹೇಳಿಕೊಟ್ಟೆ. ಆಮೇಲೆ ಗದರಿಸಿದೆ. ಆಮೇಲೆ ನನಗೆ ರೇಗಿಹೋಯಿತು. ಬಾವ ಒಂದು ದಿನ, “ಕುಸುಮ, ನಿಮ್ಮಕ್ಕ ಕದ್ದು ಅಳ್ತಾಳೆ ಕಣವ್ವ, ಇನ್ನೊಂದ್ ದಪ ತೋರ್ಸಾನ್ವಾ?” ಎಂದಾಗ ಅವರ ಮೇಲೂ ಹರಿಹಾಯ್ದೆ. ಫೋನು ಅಕ್ಕನ ಕೈಗೆ ಕೊಡಿಸಿ, “ನೋಡು, ಕಾಲು ನೆಟ್ಟಗದೆ. ನಾನೇ ಫೋಟೋ ತೆಗ್ದಿವ್ನಿ, ನಾನೇ ನೋಡಿವ್ನಿ. ನೋವು ಇರೋದು ಕಾಲಲ್ಲಲ್ಲ, ನಿನ್ ತಲೇಲಿ. ಕುಂತ್ ಕುಂತ್ ಸೋಮಾರಿ ಆಗೋಗಿದ್ದೀಯ, ಎದ್ದು ನಡಿ!” ಎಂದೆ. ಸೋಮಾರಿ! ನಲವತ್ತು ವರ್ಷ ಸೊಪ್ಪು ಹೊತ್ತವಳಿಗೆ, ಅವಳ ಸೊಂಟದ ಮೇಲೆ ಬೆಳೆದ ನಾನು ಹೇಳಿದ ಮಾತು ಇದು. “ಆಯ್ತು ಕಣವ್ವ, ನಡೀತೀನಿ” ಎಂದಳು.

ನಡೆದಳು. ಹುಳದ ಮನೆಗೆ ಗೋಡೆ ಹಿಡಿದು ಹೋಗಿ ಬರುತ್ತಿದ್ದಳಂತೆ. “ಇದ್ಯಾಕೆ ಹೊಂಬಾಳಕ್ಕ, ಕಾಲು ಒಳಕ್ ತಿರುಗ್ತದೆ?” ಎಂದು ಪಕ್ಕದ ಮನೆಯವರು ಕೇಳಿದರೆ ಒಳಗಿಂದ ಆ ಫಿಲಮ್ಮು ತಂದು ಬಿಸಿಲಿಗೆ ಹಿಡಿದು, “ನೋಡಿ, ನೆಟ್ಟಗದೆ. ನಮ್ ಕುಸ್ಮಿ ತೆಗ್ದಿರೋದು, ಸುಳ್ಳೇಳಾಕಿಲ್ಲ” ಎಂದು ತೋರಿಸುತ್ತಿದ್ದಳಂತೆ. ಆ ನಡುವೆ ನಾನು ಮೂರು ಸಲ ಊರಿಗೆ ಹೋಗಿದ್ದೆ. ಮೂರು ಸಲವೂ ಅವಳು ಜಗುಲಿಯ ಕುರ್ಚಿಯಲ್ಲಿ ಕೂತೇ ಮಾತಾಡಿದ್ದಳು. ನಾನು ಬರುತ್ತೇನೆಂದು ತಿಳಿದರೆ ನನ್ನ ಬೈಗುಳಕ್ಕೆ ಹೆದರಿ ಮೊದಲೇ ಹೋಗಿ ಕೂತುಬಿಡುತ್ತಿದ್ದಳು ಎಂದು ಬಾವ ಆಮೇಲೆ ಹೇಳಿದರು.

ಹಿರಿಯರ ಹಬ್ಬಕ್ಕೆ ಹೇಳದೆ ಕೇಳದೆ ಬೆಳಗ್ಗೆಯೇ ಹೋದೆ. ಅಕ್ಕ ಎಡೆಗೆ ಬಾಳೆಎಲೆ ಕೊಯ್ದುಕೊಂಡು ಹಿತ್ತಲಿಂದ ಬರುತ್ತಿದ್ದಳು. ನನ್ನನ್ನು ನೋಡಿರಲಿಲ್ಲ. ನಾನು ನೋಡಿದೆ. ಎಡಗಾಲು ಊರಿದಾಗಲೆಲ್ಲ ಮಂಡಿ ಒಳಕ್ಕೆ ಕುಸಿದು ಬಲಮಂಡಿಗೆ ಬಡಿಯುತ್ತಿತ್ತು. ಮುಂಚೆ ಹೊರಕ್ಕೆ ಬಾಗಿದ್ದ ಕಾಲು ಈಗ ಒಳಕ್ಕೆ ಮುರಿದು ನಿಂತಿತ್ತು. ಒಂದೊಂದು ಹೆಜ್ಜೆಗೂ ಅವಳ ಬಾಯಿ ಸದ್ದಿಲ್ಲದೆ ತೆರೆದುಕೊಳ್ಳುತ್ತಿತ್ತು. ಇಪ್ಪತ್ತೆರಡು ವರ್ಷ ಕಾಲು ನೋಡಿದವಳಿಗೆ ಯಾವ ಚಿತ್ರವೂ ಬೇಕಿರಲಿಲ್ಲ. ಆಗ, ಆ ಹಿತ್ತಲ ಬಾಗಿಲಲ್ಲಿ, ನನ್ನ ಎರಡು ಕೈ ಅವಳ ಕಂಕುಳಲ್ಲಿ ಇದ್ದದ್ದು ನೆನಪಿಗೆ ಬಂತು.

ಮಾರನೆಯ ದಿನವೇ ಕಾರು ಮಾಡಿ ಮಂಡ್ಯಕ್ಕೆ ಕರೆತಂದೆವು. ಚಿತ್ರ ನಿಜ ಹೇಳಿದರೆ ಮಾತ್ರ ಡಾಕ್ಟರು ಮತ್ತೆ ಆ ಮಂಡಿಗೆ ಕೈ ಹಾಕುತ್ತಾರೆ, ಅವಳು ಮತ್ತೆ ನಡೆಯುತ್ತಾಳೆ. ಹಾಗಾಗಿ ಅವಳನ್ನು ಒಂಟಿಯಾಗಿ ನಿಲ್ಲಿಸಲೇಬೇಕಿತ್ತು. ಗುಂಡಿ ಒತ್ತಲು ವೀಣ ಮುಂದೆ ಬಂದಳು, ನಾನು ಬೇಡವೆಂದೆ. ಗಾಜಿನ ಹಿಂದೆ ನಿಂತು, “ಭಾರ ಬಿಡಕ್ಕ” ಎಂದೆ. ಬಿಟ್ಟಳು. ಮೊದಲನೆಯದು ಆಯಿತು. ಎರಡನೆಯದಕ್ಕೆ ಅವಳ ತೊಡೆ ನಡುಗತೊಡಗಿತು. “ಕುಸ್ಮಿ” ಎಂದು ಕೈ ಚಾಚಿದಳು. ನಾನು ಹೋಗಲಿಲ್ಲ. “ಕೈ ಇಳ್ಸು, ಅಲುಗಾಡ್ಬ್ಯಾಡ” ಎಂದು ಕೂಗಿದೆ. ಅವಳು ಕೈ ಇಳಿಸಿದಳು. ಮೂರನೆಯದಕ್ಕೆ ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ನಾನು ಹೇಳಿದ ಹಾಗೆಯೇ ನಿಂತಳು. ಗುಂಡಿ ಒತ್ತಿ ನಾನು ಓಡಿಹೋಗುವಷ್ಟರಲ್ಲಿ ಕುಸಿದು ಕೂತಿದ್ದಳು. ವೀಣ ಗಾಜಿಗೆ ಹಣೆ ಒತ್ತಿಕೊಂಡು ಅಳುತ್ತಿದ್ದಳು.

ಹದಿನಾಲ್ಕು ಡಿಗ್ರಿ. ಗೆರೆ ಮಂಡಿಯ ನಡುವೆ ಇರಲಿ, ಮಂಡಿಯ ಹೊರಗೇ ಹೋಗಿತ್ತು. ಜಯಪ್ರಕಾಶ್ ಡಾಕ್ಟರು ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಹಾಕಿ ಬಹಳ ಹೊತ್ತು ನೋಡಿದರು. “ಎಂಟು ತಿಂಗಳ ಹಿಂದೆ ಇಷ್ಟು ನೆಟ್ಟಗಿದ್ದದ್ದು ಹೀಗೆ ಹೇಗಾಯ್ತು?” ಎಂದರು.

“ನೆಟ್ಟಗಿರಲಿಲ್ಲ ಸರ್” ಎಂದೆ. “ನಾನು ಕಂಕುಳಿಗೆ ಕೈ ಕೊಟ್ಟು ಹಿಡ್ಕೊಂಡಿದ್ದೆ.”

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, “ಬಾಗಿದ ಕಾಲನ್ನ ನೆಟ್ಟಗೆ ಮಾಡೋಕೆ ಮಂಡಿಯ ಒಳಬದಿಯಲ್ಲಿ ಮೂಳೆಗಳನ್ನ ಕಟ್ಟಿರೋ ನಾರನ್ನ ಸಡಿಲ ಮಾಡ್ತೀವಿ. ಇವರಿಗೆ ಅದು ಹೆಚ್ಚು ಸಡಿಲ ಆಗಿದೆ. ಅವತ್ತೇ ಕಂಡಿದ್ರೆ ಪಟ್ಟಿ ಹಾಕಿ ನಿಲ್ಲಿಸಬಹುದಿತ್ತು, ಇಲ್ಲಾ ಹೊಸ ಮಂಡಿಯ ಮಧ್ಯ ಕೂರಿಸೋ ಪ್ಲಾಸ್ಟಿಕ್ ಒಂದನ್ನ ದಪ್ಪದ್ದು ಹಾಕಿದ್ರೆ ಆಗೋದು. ನಾನೂ ಚಿತ್ರ ನೋಡಿ ಸುಮ್ಮನಾದೆ, ಕೈಯಿಟ್ಟು ಸರಿಯಾಗಿ ನೋಡಲಿಲ್ಲ” ಎಂದರು. ಈಗ ಕೆಳಗಿನ ಮೂಳೆಯೇ ಕುಸಿದು ಅದರ ಮೇಲೆ ಕೂರಿಸಿದ್ದ ಲೋಹದ ತಟ್ಟೆ ವಾಲಿತ್ತು. ಎಲ್ಲ ಬಿಚ್ಚಿ, ಮೂಳೆಯೊಳಗೆ ಉದ್ದದ ಸರಳು ಇಳಿಸಿ ಮತ್ತೆ ಕೂರಿಸಬೇಕು. ನಾಲ್ಕು ಗಂಟೆಯ ಆಪರೇಷನ್. ಆಗಲಿ ಎಂದೆ.

ಅದಕ್ಕೆ ಮುಂಚೆ ಹೃದಯದ ಪರೀಕ್ಷೆ ಮಾಡಿದರು. ಹೋದ ವರ್ಷ ಚೆನ್ನಾಗಿಯೇ ಇದ್ದ ಹೃದಯ ಈಗ ಅರ್ಧದಷ್ಟೂ ಕೆಲಸ ಮಾಡುತ್ತಿರಲಿಲ್ಲ. ಅರಿವಳಿಕೆ ಕೊಡುವ ಡಾಕ್ಟರು ಅಕ್ಕನ ಮಂಚದ ಹತ್ತಿರ ಬಂದು, “ಈ ನಡುವೆ ಎಂದಾದರೂ ಎದೆ ನೋವು ಬಂದಿತ್ತಾಮ್ಮ?” ಎಂದು ಕೇಳಿದರು.

“ಆಸಾಡದಲ್ಲಿ ಒಂದಿನ ರಾತ್ರಿ ಬಂದಿತ್ತು ಸ್ವಾಮಿ” ಎಂದಳು ಅಕ್ಕ. “ಬೆಳಗಾನ ಇತ್ತು. ಕಾಲ್ ನೋವಂಗೆ ಇದೂವೆ ನನ್ ತಲೇಲೇ ಇರೋದು ಅಂದ್ಕಂಡು ಸುಮ್ನಾದೆ.”

ಡಾಕ್ಟರು ನನ್ನ ಕಡೆ ನೋಡಿದರು. ಅವರಿಗೆ ಏನು ಗೊತ್ತು ಪಾಪ. ಹೊರಗೆ ಕರೆದುಕೊಂಡು ಹೋಗಿ, ಅದೇ ಹೃದಯಾಘಾತ, ಅಕ್ಕನಂತೆ ಸಕ್ಕರೆ ಕಾಯಿಲೆ ಇರುವವರಿಗೆ ನೋವು ಅಷ್ಟು ಜೋರಾಗಿ ತಿಳಿಯುವುದಿಲ್ಲ, ಆ ದಿನವೇ ಕರೆತಂದಿದ್ದರೆ ಇಷ್ಟು ಹಾಳಾಗುತ್ತಿರಲಿಲ್ಲ ಎಂದರು. ಈ ಹೃದಯಕ್ಕೆ ನಾಲ್ಕು ಗಂಟೆಯ ಆಪರೇಷನ್ ಆಗುವುದಿಲ್ಲ, ಮೇಜಿನ ಮೇಲೇ ಹೋಗಿಬಿಡುತ್ತಾರೆ, ತಾವು ಕೈ ಹಾಕುವುದಿಲ್ಲ ಎಂದರು. ಮೈಸೂರಿಗೆ ಕರೆದುಕೊಂಡು ಹೋದೆ. ಅಲ್ಲಿಯೂ ಅದೇ ಮಾತು. ಕಾಲಿಗೆ ಪಟ್ಟಿ ಕಟ್ಟಿ, ಗಾಲಿ ಕುರ್ಚಿ ಬರೆದುಕೊಟ್ಟರು. ಅಲ್ಲಿಗೆ ಮುಗಿಯಿತು.

ಮೈಸೂರಿನ ಆಸ್ಪತ್ರೆಯ ಹೊರಗಿನ ಕಲ್ಲುಬೆಂಚಿನ ಮೇಲೆ ಅಕ್ಕನನ್ನು ಕೂರಿಸಿ ಬಾವ ಕಾರು ತರಲು ಹೋದರು. ಇನ್ನು ತಡೆದುಕೊಳ್ಳಲು ನನ್ನಿಂದ ಆಗಲಿಲ್ಲ. ಅವಳ ಪಕ್ಕ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಎತ್ತಿ ಹಿಡಿದರೆ ಚಿತ್ರ ಸುಳ್ಳಾಗುತ್ತದೆ ಎಂಬುದು, ಗೊತ್ತಿದ್ದೂ ಹಿಡಿದದ್ದು, ಡಾಕ್ಟರಿಗೆ ಹೇಳದೆ ಮುಚ್ಚಿಟ್ಟದ್ದು. “ಅವತ್ತು ನಾನು ಇಡ್ಕಳ್ದೆ ಇದ್ದಿದ್ರೆ ನೀನು ಇವತ್ತು ನಡೀತಿದ್ದೆ ಕಣಕ್ಕ. ನಿನ್ ಕಾಲ್ ತೆಗ್ದೋಳು ನಾನು” ಎಂದು ಬಿಕ್ಕಿಬಿಕ್ಕಿ ಅತ್ತೆ. ಜನ ನಿಂತು ನೋಡುತ್ತಿದ್ದರು.

ಅಕ್ಕನಿಗೆ ಬಹಳ ಹೊತ್ತು ನನ್ನ ಮಾತು ಅರ್ಥವೇ ಆಗಲಿಲ್ಲ.

“ಬೀಳ್ತಿದ್ದೋಳ್ನ ಇಡ್ಕಂಡೆ” ಎಂದಳು. “ಅದ್ರಲ್ಲಿ ತಪ್ಪೇನ್ ಬಂತಮ್ಮಿ? ನೀನ್ ಬೀಳಂಗಿದ್ರೆ ನಾನ್ ಇಡ್ಕತಿರ್ನಿಲ್ವ? ಅದ್ಕೆ ನಂಗೇನೂ ಬೇಜಾರಿಲ್ಲ, ಅಳ್ಬ್ಯಾಡ, ಏಳು.”

ಸೆರಗಿನಿಂದ ನನ್ನ ಮುಖ ಒರೆಸಿದಳು. ಆಮೇಲೆ ರಸ್ತೆ ಕಡೆ ನೋಡುತ್ತಾ, ಸಿಟ್ಟಿಲ್ಲದೆ, ಹೊಲದ ಸಮಾಚಾರ ಹೇಳುವ ದನಿಯಲ್ಲೇ ಹೇಳಿದಳು.

“ಆದ್ರೆ ನೋಯ್ತದೆ ನೋಯ್ತದೆ ಅಂತ ಎಷ್ಟ್ ದಪ ಅಂದೆ ನಿಂಗೆ? ನೀನು ಆ ಫೋಟೋನ ನಂಬ್ದೆ. ನನ್ನ ನಂಬ್ನಿಲ್ಲ.”

ಬಾವ ಕಾರು ತಂದರು. ಅವರು ಒಂದು ಕಡೆ, ನಾನು ಒಂದು ಕಡೆ ಹಿಡಿದು ಅವಳನ್ನು ಒಳಗೆ ಕೂರಿಸಿದೆವು. ದಾರಿಯುದ್ದಕ್ಕೂ ಅವಳು ನನ್ನ ಮಕ್ಕಳ ಪರೀಕ್ಷೆಯ ವಿಚಾರ ಕೇಳುತ್ತಾ ಬಂದಳು.

ಈಗ ಬಾವ ಹುಳ ಸಾಕುವುದನ್ನು ಬಿಟ್ಟಿದ್ದಾರೆ. ಅಕ್ಕ ಜಗುಲಿಯ ಮೇಲೆ ಗಾಲಿ ಕುರ್ಚಿಯಲ್ಲಿ ಕೂತಿರುತ್ತಾಳೆ. ನಾನು ದಿನಾ ಬೆಳಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಫೋನು ಮಾಡುತ್ತೇನೆ. ಕಾಲು ಹೇಗಿದೆ, ಎದೆ ಹೇಗಿದೆ, ರಾತ್ರಿ ನಿದ್ದೆ ಬಂತೇ, ನಿಜ ಹೇಳು ಎಂದು ಬಿಡಿಸಿ ಬಿಡಿಸಿ ಕೇಳುತ್ತೇನೆ. ಬಾವ ಹಿಂದಿನಿಂದ, “ರಾತ್ರಿಯೆಲ್ಲ ನರಳ್ತಿದ್ದೆಯಲ್ಲ, ಅದ್ನೇಳು” ಎನ್ನುವುದು ನನಗೆ ಕೇಳಿಸುತ್ತದೆ.

“ಸಂದಾಗಿವ್ನಿ ಕಣಮ್ಮಿ” ಎನ್ನುತ್ತಾಳೆ ಅಕ್ಕ. “ನಂಗೇನಾಗದೆ? ನೀನು ಉಂಡ್ಯಾ?”

ನೋಯುತ್ತದೆ ಎಂದು ಆ ದಿನದಿಂದ ಅವಳು ನನ್ನ ಹತ್ತಿರ ಒಂದು ಸಲವೂ ಹೇಳಿಲ್ಲ.